ಚೀನಾದಲ್ಲಿ ಇಂಗ್ಲಿಷ್ ಪಾಠ: 16,000 ಯುವಾನ್ ಸಂಬಳದಲ್ಲಿ ಕೊನೆಗೆ ಕೈಯಲ್ಲಿ ಉಳಿಯೋದೆಷ್ಟು?

ಶಾಯಿಪೆನ್ನು (ವಿಜಯನಗರ) ಕೇಳಿದ್ದು:

ನಮಸ್ಕಾರ. ಚೀನಾಕ್ಕೆ ಹೋಗಿ ಇಂಗ್ಲಿಷ್ ಕಲಿಸೋದು ದುಡ್ಡಿನ ದೃಷ್ಟಿಯಿಂದ ಲಾಭವೋ ನಷ್ಟವೋ, ತಿಳಿದವರು ಬಿಡಿಸಿ ಹೇಳಬೇಕು.

ವಿವರ ಇಷ್ಟು. ಇಂಗ್ಲಿಷ್ ಎಂ.ಎ. ಮತ್ತು ಬಿ.ಎಡ್., ಎರಡೂ ಬೆಂಗಳೂರಿನವೇ. ಭಾರತದ ಪಾಸ್‌ಪೋರ್ಟ್. ಖಾಸಗಿ ಸಿಬಿಎಸ್‌ಇ ಶಾಲೆಯಲ್ಲಿ ಬರುವ ಜೂನ್‌ಗೆ 4 ವರ್ಷ ತುಂಬುತ್ತೆ. ಬೇಸಿಕ್ 22,000, ಕೈಗೆ ಬರೋದು 38,000 ರೂಪಾಯಿ. ಅಪ್ಪ ಅಮ್ಮನ ಮನೆಯಲ್ಲೇ ಇರೋದರಿಂದ ತಿಂಗಳಿಗೆ 18,000 ಉಳಿಯುತ್ತೆ.

ಏಜೆಂಟರ ಮೂಲಕ ಬಂದಿರೋ ಆಫರ್: ದೊಡ್ಡ ನಗರಗಳ ನಂತರದ ಹಂತದ ಒಂದು ಊರಿನ ಶಿಶುವಿಹಾರ, ತಿಂಗಳಿಗೆ 16,000 ಯುವಾನ್, ವಾರಕ್ಕೆ 25 ಪೀರಿಯಡ್. ಮನೆಗೆ "ಸಹಾಯ ಮಾಡ್ತೀವಿ" ಅಂತ ಬರೆದಿದ್ದಾರೆ. ಸರ್ವೀಸ್ ಚಾರ್ಜ್ 1,20,000 ರೂಪಾಯಿ, ಅರ್ಧ ಈಗಲೇ ಕೊಡಬೇಕು. ಮೊದಲು ಬಿಸಿನೆಸ್ ವೀಸಾದಲ್ಲಿ ಹೋಗಿ, ಅಲ್ಲಿ ಮುಟ್ಟಿದ ಮೇಲೆ ಕೆಲಸದ ವೀಸಾಗೆ ಬದಲಾಯಿಸ್ತಾರಂತೆ.

16,000 ಯುವಾನ್ ಅಂದ್ರೆ ಸುಮಾರು 1,90,000 ರೂಪಾಯಿ. ಇದರಲ್ಲಿ ನಿಜಕ್ಕೂ ಉಳಿಯೋದೆಷ್ಟು? ಎರಡು ವರ್ಷ ಹೋಗಿಬರೋದು ಒಳ್ಳೇದಾ?

ಚಾಕ್‌ಪೀಸ್:

ಮೇಡಂ, ಸಂಬಳದ ಲೆಕ್ಕ ಆಮೇಲೆ ನೋಡೋಣ. ಮೊದಲು ಆ ಬಿಸಿನೆಸ್ ವೀಸಾದ ಮಾತು. ಅದೊಂದೇ ಸಾಕು, ಈ ಆಫರ್ ಬಿಡೋದಕ್ಕೆ. ದಯವಿಟ್ಟು ಒಂದು ರೂಪಾಯಿನೂ ಕೊಡಬೇಡಿ.

ಚೀನಾದಲ್ಲಿ ಸಂಬಳಕ್ಕೆ ದುಡಿಯೋದಕ್ಕೆ ಸರಿಯಾದ ದಾರಿ ಒಂದೇ. ಅಲ್ಲಿನ ಶಾಲೆ ನಿಮ್ಮ ಹೆಸರಲ್ಲಿ ವರ್ಕ್ ಪರ್ಮಿಟ್‌ನ ನೋಟಿಫಿಕೇಶನ್ ಪತ್ರ ತೆಗೆಸಿ ಕಳಿಸಬೇಕು. ಅದನ್ನ ತೋರಿಸಿ ನೀವು ಭಾರತದಲ್ಲೇ ಝಡ್ ವೀಸಾ, ಅಂದರೆ ಕೆಲಸದ ವೀಸಾ, ತಗೋಬೇಕು. ಅಲ್ಲಿ ಇಳಿದು 24 ಗಂಟೆಯೊಳಗೆ ಪೊಲೀಸರಲ್ಲಿ ವಿಳಾಸ ನೋಂದಾಯಿಸಿ, ವೈದ್ಯಕೀಯ ಪರೀಕ್ಷೆ ಮುಗಿಸಿ, 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಬಿಸಿನೆಸ್, ಟೂರಿಸ್ಟ್, ವಿದ್ಯಾರ್ಥಿ ವೀಸಾದಲ್ಲಿ ಹೋಗಿ ಪರ್ಮಿಟ್ ಇಲ್ಲದೆ ಪಾಠ ಮಾಡಿದರೆ ಅದು ಅಕ್ರಮ ಕೆಲಸ. ಅಲ್ಲಿನ ವಲಸೆ ಕಾಯ್ದೆಯ ಪ್ರಕಾರ ದಂಡ 5,000ದಿಂದ 20,000 ಯುವಾನ್. ಪ್ರಕರಣ ಗಂಭೀರ ಅನ್ನಿಸಿದರೆ ಅದರ ಜೊತೆಗೆ 5ರಿಂದ 15 ದಿನ ಬಂಧನ, ಕೊನೆಗೆ ದೇಶದಿಂದ ಹೊರಗೆ. ಶಾಲೆಗೂ ದಂಡ ಬೀಳುತ್ತೆ, ಆದರೆ ಶಾಲೆ ಅಲ್ಲೇ ಇರುತ್ತೆ, ನೀವು ವಿಮಾನ ಹತ್ತಿರುತ್ತೀರಿ. ಅಂಥ ಸ್ಥಿತಿಯಲ್ಲಿ ಬಾಕಿ ಸಂಬಳ ಕೇಳೋದಕ್ಕೆ ನಿಮ್ಮ ಕೈಯಲ್ಲಿ ಕಾನೂನಿನ ಆಸರೆಯೇ ಇರೋದಿಲ್ಲ. ಸಂಬಳ ಹಿಡಿದಿಟ್ಟುಕೊಳ್ಳೋ ಶಾಲೆಗಳಿಗೆ ಇದು ಚೆನ್ನಾಗಿ ಗೊತ್ತು.

ಇನ್ನು ಮುಖ್ಯವಾದ ವಿಷಯ. ಏಜೆಂಟರು ಬಿಸಿನೆಸ್ ವೀಸಾ ಅನ್ನೋದಕ್ಕೆ ಕಾರಣವೂ ಇದೇ. ವಿದೇಶಿ ಭಾಷಾ ಶಿಕ್ಷಕರು ತಮ್ಮ ಮಾತೃಭಾಷೆಯನ್ನೇ ಕಲಿಸಬೇಕು, ಆ ಭಾಷೆಯ ದೇಶದಲ್ಲಿ ಬ್ಯಾಚುಲರ್ ಅಥವಾ ಅದಕ್ಕಿಂತ ಮೇಲಿನ ಪದವಿ ಪಡೆದಿರಬೇಕು, ಎರಡು ವರ್ಷದ ಬೋಧನಾ ಅನುಭವ ಇರಬೇಕು ಅನ್ನೋದು 2017ರಲ್ಲಿ ದೇಶಕ್ಕೆಲ್ಲ ಒಂದೇ ಮಾಡಿದ ವರ್ಕ್ ಪರ್ಮಿಟ್ ವ್ಯವಸ್ಥೆಯ ಮೂಲ ನಿಯಮ. ಬಿ.ಎಡ್. ಇದ್ದವರಿಗೆ, ಅಥವಾ 120 ಗಂಟೆಯ ಟೆಫಲ್ (ಇಂಗ್ಲಿಷ್ ಕಲಿಸೋದರ ತರಬೇತಿ) ಥರದ ಸರ್ಟಿಫಿಕೇಟ್ ಇದ್ದವರಿಗೆ ಆ ಎರಡು ವರ್ಷದ ಅನುಭವದಿಂದ ವಿನಾಯಿತಿ ಸಿಗಬಹುದು. ಮಾತೃಭಾಷೆಯ ಷರತ್ತಿಗೆ ಆ ವಿನಾಯಿತಿ ಇಲ್ಲ. ಜಾಹೀರಾತುಗಳಲ್ಲಿ "ಟೆಫಲ್ ಮಾಡಿದರೆ ಸಾಕು" ಅಂತ ಬರೆಯೋರು ಈ ಎರಡನ್ನೂ ಬೇಕಂತಲೇ ಕಲಸಿಬಿಡ್ತಾರೆ.

ಕಚೇರಿಗಳು ಇಂಗ್ಲಿಷ್ ಮಾತೃಭಾಷೆಯ ದೇಶ ಅಂತ ಹಿಡಿಯೋದು ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ. ಭಾರತ ಆ ಪಟ್ಟಿಯಲ್ಲಿ ಇಲ್ಲ. ನಾವು ಎಲ್‌ಕೆಜಿಯಿಂದ ಇಂಗ್ಲಿಷ್‌ನಲ್ಲೇ ಓದಿದ್ದೇವೆ ಅನ್ನೋ ವಾದ ಅಲ್ಲಿ ನಡೆಯಲ್ಲ. ಇದು ನ್ಯಾಯ ಅಂತ ನನಗೆ ಅನ್ನಿಸೋದಿಲ್ಲ. ಇಪ್ಪತ್ತು ವರ್ಷ ವ್ಯಾಕರಣ ಕಲಿಸಿದ ನಮ್ಮ ಮೇಷ್ಟ್ರಿಗಿಂತ ಪದವಿ ಮುಗಿಸಿ ಎರಡು ವರ್ಷವಾದ ಹುಡುಗನಿಗೆ ಪಾಸ್‌ಪೋರ್ಟ್ ನೋಡಿ ಕೆಲಸ ಕೊಡ್ತಾರೆ. ಆದರೆ ಪರ್ಮಿಟ್ ಕೊಡೋದು ಆ ನಿಯಮದ ಮೇಲೆಯೇ.

ಇದನ್ನ ದಾಟೋದಕ್ಕೆ ಏಜೆಂಟರು ಇನ್ನೊಂದು ದಾರಿ ಹೇಳಬಹುದು. ಯಾವುದೋ ಕನ್ಸಲ್ಟೆನ್ಸಿಯಲ್ಲಿ ನಿಮ್ಮನ್ನ "ಮಾರ್ಕೆಟಿಂಗ್ ಮ್ಯಾನೇಜರ್" ಅಂತ ತೋರಿಸಿ ಪರ್ಮಿಟ್ ತೆಗೆಸೋದು, ಪಾಠಕ್ಕೆ ಬೇರೆ ಶಾಲೆಗೆ ಕಳಿಸೋದು. ಪರ್ಮಿಟ್‌ನಲ್ಲಿ ಇರೋ ಸಂಸ್ಥೆ ಮತ್ತು ಹುದ್ದೆ ಬಿಟ್ಟು ಬೇರೆ ಕಡೆ ದುಡಿದರೆ ಅದೂ ಅಕ್ರಮವೇ. ಝಡ್ ವೀಸಾ ಇದೆ ಅನ್ನೋ ಧೈರ್ಯ ಅಲ್ಲಿ ಕೆಲಸಕ್ಕೆ ಬರಲ್ಲ.

ಪೈಸೆಪೈಸೆ:

ಚಾಕ್‌ಪೀಸ್ ಸರ್ ಹೇಳಿದ್ದು ಪೂರ್ತಿ ಸರಿ. ಆದರೂ ಮೇಡಂ ಕೇಳಿದ್ದು ಲೆಕ್ಕ, ಅದನ್ನ ಮಾಡಿಬಿಡೋಣ. ಇದೇ 16,000 ಯುವಾನ್ ನ್ಯಾಯವಾದ ಪರ್ಮಿಟ್‌ನಲ್ಲಿ ಸಿಕ್ಕಿದ್ದರೆ ಎಷ್ಟು ಉಳೀತಿತ್ತು ಅಂತ. ಯುವಾನ್‌ಗೆ 12 ರೂಪಾಯಿ ಹಿಡಿದಿದ್ದೇನೆ, ನೀವು ಅವತ್ತಿನ ದರ ಹಾಕಿಕೊಳ್ಳಿ.

ಸಂಬಳದಿಂದ ಎರಡು ಕಡಿತ ಇರುತ್ತೆ. ಮೊದಲನೆಯದು ಸೋಷಿಯಲ್ ಇನ್ಶೂರೆನ್ಸ್. ವಿದೇಶಿಯರಿಗೂ ಇದು 2011ರಿಂದ ಕಡ್ಡಾಯ. ನೌಕರರ ಪಾಲು ಸಾಮಾನ್ಯವಾಗಿ ಪಿಂಚಣಿಗೆ 8%, ವೈದ್ಯಕೀಯಕ್ಕೆ 2%, ನಿರುದ್ಯೋಗಕ್ಕೆ 0.5%. ಪೂರ್ತಿ ಸಂಬಳದ ಮೇಲೆ ಹಿಡಿದರೆ 1,680 ಯುವಾನ್. ಎರಡನೆಯದು ಆದಾಯ ತೆರಿಗೆ. ತಿಂಗಳಿಗೆ 5,000 ಯುವಾನ್ ಬಿಟ್ಟು ಉಳಿದಿದ್ದಕ್ಕೆ, ವರ್ಷದ ಲೆಕ್ಕದಲ್ಲಿ 36,000 ತನಕ 3%, ಅಲ್ಲಿಂದ 1,44,000 ತನಕ 10%, ಅಲ್ಲಿಂದ 3,00,000 ತನಕ 20%.

ಹಾಗಾಗಿ ವರ್ಷಕ್ಕೆ 1,92,000 ಯುವಾನ್ ಸಂಬಳ. ಅದರಲ್ಲಿ 60,000 ಮತ್ತು ಇನ್ಶೂರೆನ್ಸ್‌ನ 20,160 ಕಳೆದರೆ ತೆರಿಗೆ ಬೀಳೋ ಮೊತ್ತ 1,11,840. ತೆರಿಗೆ 8,664. ಕೈಗೆ ಬರೋದು 1,63,176, ಅಂದರೆ ತಿಂಗಳಿಗೆ ಸುಮಾರು 13,600.

ಇಲ್ಲಿ ಹೊಸಬರು ಗಾಬರಿಯಾಗೋ ವಿಷಯ ಒಂದಿದೆ. ತೆರಿಗೆಯನ್ನ ಜನವರಿಯಿಂದ ಕೂಡಿಸುತ್ತಾ ಹಿಡಿಯುತ್ತಾರೆ. ಮೊದಲ ಮೂರು ತಿಂಗಳು ಸುಮಾರು 280 ಯುವಾನ್ ಹೋಗುತ್ತೆ, ನಾಲ್ಕನೇ ತಿಂಗಳಲ್ಲಿ 36,000ದ ಗಡಿ ದಾಟುತ್ತೆ, ಐದನೆಯದರಿಂದ ಪ್ರತಿ ತಿಂಗಳೂ 932. ಶಾಲೆಯವರು ಸಂಬಳ ಕತ್ತರಿಸ್ತಿದ್ದಾರೆ ಅಂತ ಜಗಳಕ್ಕೆ ಹೋಗಬೇಕಾಗಿಲ್ಲ. ಇನ್ನು ಸೆಪ್ಟೆಂಬರ್‌ನಲ್ಲಿ ಸೇರಿದವರು ಆ ಕ್ಯಾಲೆಂಡರ್ ವರ್ಷದಲ್ಲಿ 183 ದಿನ ಅಲ್ಲಿರೋದಿಲ್ಲ. ಅವರಿಗೆ ಡಿಸೆಂಬರ್ ತನಕ ಅನಿವಾಸಿ ದರ, ತಿಂಗಳ ತಿಂಗಳ ಲೆಕ್ಕ, ಇನ್ಶೂರೆನ್ಸ್ ಕಳೆಯೋ ಹಾಗಿಲ್ಲ. 16,000ಕ್ಕೆ 890 ಯುವಾನ್.

ಖರ್ಚು: ಚೆಂಗ್ಡು, ವುಹಾನ್, ಚಾಂಗ್ಶಾ ಥರದ ಊರಲ್ಲಿ ಒಂದು ಬೆಡ್‌ರೂಮ್ ಮನೆಗೆ 2,500 ಯುವಾನ್ ಹಿಡಿಯೋಣ. ಊಟಕ್ಕೆ 2,200, ಕರೆಂಟು ನೀರು ಫೋನು ಮೆಟ್ರೋಗೆ 800, ಮಿಕ್ಕಿದ್ದಕ್ಕೆ 1,000. ಒಟ್ಟು 6,500. ತಿಂಗಳಿಗೆ ಸುಮಾರು 7,100 ಯುವಾನ್ ಉಳಿಯಿತು. ವರ್ಷಕ್ಕೊಂದು ಸಲ ಊರಿಗೆ ಬಂದು ಹೋಗೋದಕ್ಕೆ 5,000 ತೆಗೆದರೆ ವರ್ಷದ ಉಳಿತಾಯ 80,000 ಯುವಾನ್ ಚಿಲ್ಲರೆ, ಸುಮಾರು 9,60,000 ರೂಪಾಯಿ. ಶಾಂಘೈ, ಬೀಜಿಂಗ್, ಶೆನ್‌ಝೆನ್ ಆದರೆ ಬಾಡಿಗೆಯೇ ಇದರ ಎರಡು ಪಟ್ಟು ದಾಟುತ್ತೆ. ಅಲ್ಲಿ 16,000ಕ್ಕೆ ಹೋಗೋದು ದಂಡ.

ಇದು 12 ತಿಂಗಳ ಸಂಬಳ ಇದ್ದರೆ ಮಾತ್ರ. ಕಾಂಟ್ರಾಕ್ಟ್ 10 ತಿಂಗಳದ್ದಾದರೆ ಬೇಸಿಗೆ ರಜೆಗೆ ಸಂಬಳ ಇಲ್ಲ, ಬಾಡಿಗೆ ಮಾತ್ರ 12 ತಿಂಗಳೂ ಕಟ್ಟಬೇಕು. ಆಗ ಕೈಗೆ ಬರೋದು 1,37,400. ಬಾಡಿಗೆ 30,000, ಹತ್ತು ತಿಂಗಳ ಉಳಿದ ಖರ್ಚು 40,000, ಟಿಕೆಟ್ 5,000 ಕಳೆದರೆ ಉಳಿಯೋದು 62,400 ಯುವಾನ್, ಸುಮಾರು 7,50,000 ರೂಪಾಯಿ. ಒಂದೇ ಸಂಬಳ, ಒಂದೇ ಶಾಲೆ, ಆದರೂ ವರ್ಷಕ್ಕೆ 2 ಲಕ್ಷದ ವ್ಯತ್ಯಾಸ. ಆಫರ್ ಬಂದಾಗ ಎಷ್ಟು ಸಾವಿರ ಅಂತ ಕೇಳೋ ಮೊದಲು ಎಷ್ಟು ತಿಂಗಳು ಅಂತ ಕೇಳಿ.

ಬೆಂಗಳೂರಿನ ಕಡೆ ನೋಡಿದರೆ ತಿಂಗಳಿಗೆ 18,000 ಅಂದರೆ ವರ್ಷಕ್ಕೆ 2,16,000. ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟುತ್ತಿದ್ದರೆ ಎರಡೂ ಕಡೆಯದು ಸೇರಿ ಇನ್ನೊಂದು 63,000. ಒಟ್ಟು 2,80,000 ಹತ್ತಿರ. ಕಾಗದದ ಮೇಲೆ ಚೀನಾದ್ದು ಮೂರು ಪಟ್ಟು. ಆದರೆ ಆ ಮೂರು ಪಟ್ಟು ಕಾನೂನುಬದ್ಧ ಪರ್ಮಿಟ್ ಇರೋರಿಗೆ. ನಿಮ್ಮ ಆಫರ್‌ನಲ್ಲಿ ನಾಲ್ಕನೇ ತಿಂಗಳಲ್ಲಿ ಸಿಕ್ಕಿಬಿದ್ದರೆ ಅಷ್ಟರೊಳಗೆ ಉಳಿಸಿದ್ದು ಏಜೆಂಟರ 1,20,000ಕ್ಕೆ, ದಂಡಕ್ಕೆ, ವಾಪಸ್ ಟಿಕೆಟ್‌ಗೆ ಸಾಕಾಗದೇ ಹೋಗಬಹುದು.

ಮೊದಲ ತಿಂಗಳ ದುಡ್ಡಿನ ವಿಷಯ ಯಾರೂ ಹೇಳಲ್ಲ, ಅದನ್ನೂ ಬರೆದುಬಿಡ್ತೇನೆ. ಅಲ್ಲಿ ಬಾಡಿಗೆಗೆ "ಯಾ ಯಿ ಫು ಸಾನ್" ಅಂತಾರೆ: ಒಂದು ತಿಂಗಳದ್ದು ಠೇವಣಿ, ಮೂರು ತಿಂಗಳದ್ದು ಮುಂಗಡ. ನಮ್ಮಲ್ಲಿನ ಹತ್ತು ತಿಂಗಳ ಅಡ್ವಾನ್ಸ್‌ಗಿಂತ ಕಡಿಮೆಯೇ, ಆದರೂ 2,500ರ ಮನೆಗೆ 10,000 ಯುವಾನ್ ಒಂದೇ ಸಲ ಬೇಕು. ಬ್ರೋಕರ್‌ಗೆ ಅರ್ಧ ತಿಂಗಳದ್ದು, 1,250. ಸೆಪ್ಟೆಂಬರ್ ಸಂಬಳ ಅಕ್ಟೋಬರ್ ಮಧ್ಯದಲ್ಲಿ ಬರುತ್ತೆ, ಅಲ್ಲಿಯವರೆಗೆ ಊಟ ಓಡಾಟಕ್ಕೆ 5,000ದಿಂದ 6,000. ಎಲ್ಲ ಸೇರಿ 17,000 ಯುವಾನ್, ಅಂದರೆ 2 ಲಕ್ಷ ರೂಪಾಯಿ ಇಲ್ಲಿಂದಲೇ ತಗೊಂಡು ಹೋಗಬೇಕು. ನೋಟಿನ ರೂಪದಲ್ಲಿ 3,000 ಡಾಲರ್ ತನಕ ಒಯ್ಯಬಹುದು, ಉಳಿದದ್ದು ಫಾರೆಕ್ಸ್ ಕಾರ್ಡ್‌ನಲ್ಲಿ.

ಶಾಯಿಪೆನ್ನು:

ಇಬ್ಬರಿಗೂ ತುಂಬ ಥ್ಯಾಂಕ್ಸ್. ಏಜೆಂಟರಿಗೆ ಇವತ್ತೇ ಬೇಡ ಅಂತ ಹೇಳ್ತೇನೆ. ಎರಡು ಪ್ರಶ್ನೆ ಉಳೀತು. ನಮ್ಮ ಶಾಲೆಯ ಫಿಸಿಕ್ಸ್ ಮೇಡಂ ಕೂಡ ಇದೇ ಯೋಚನೆಯಲ್ಲಿದ್ದಾರೆ, ಎಂ.ಎಸ್ಸಿ., ಬಿ.ಎಡ್., 7 ವರ್ಷದ ಅನುಭವ. ಅವರಿಗೂ ಇದೇ ಗೋಡೆ ಅಡ್ಡ ಬರುತ್ತಾ? ಇನ್ನೊಂದು, ಬೆಂಗಳೂರಲ್ಲೇ ಕೂತು ಚೀನಾದ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡೋ ದಾರಿ ಈಗ ಇದೆಯಾ?

ಚಾಕ್‌ಪೀಸ್:

ಆನ್‌ಲೈನ್ ಕೈಬಿಡಿ. 2021ರ ಜುಲೈನಲ್ಲಿ ಬಂದ "ಡಬಲ್ ರಿಡಕ್ಷನ್" ನೀತಿ ಶಾಲೆಯ ಮುಖ್ಯ ವಿಷಯಗಳ ಟ್ಯೂಷನ್ ಸಂಸ್ಥೆಗಳು ಲಾಭ ಮಾಡೋ ಹಾಗಿಲ್ಲ ಅಂದಿತು. ದೇಶದ ಹೊರಗಿರೋ ವಿದೇಶಿ ಶಿಕ್ಷಕರಿಂದ ಪಾಠ ಮಾಡಿಸೋದನ್ನೂ ಅದರಲ್ಲೇ ನಿಷೇಧಿಸಿತು. ಶಿಶುವಿಹಾರಗಳ ಕಥೆಯೂ ಇಳಿಮುಖ. ಮಕ್ಕಳೇ ಕಡಿಮೆ ಹುಟ್ಟುತ್ತಿದ್ದಾರೆ. 2016ರಲ್ಲಿ 1 ಕೋಟಿ 78 ಲಕ್ಷ ಇದ್ದ ಜನನ 2023ರಲ್ಲಿ 90 ಲಕ್ಷಕ್ಕೆ ಬಂತು, ಆ ಒಂದೇ ವರ್ಷ ಶಿಶುವಿಹಾರಗಳ ಸಂಖ್ಯೆ 14,800ರಷ್ಟು ಕಡಿಮೆಯಾಯಿತು. ಅರ್ಧ ವರ್ಷದಲ್ಲಿ ಬಾಗಿಲು ಹಾಕಿದ ಶಾಲೆಯಿಂದ ಸಂಬಳ ವಸೂಲಿ ಮಾಡೋದು ಅಲ್ಲಿನವರಿಗೇ ಕಷ್ಟ.

ಫಿಸಿಕ್ಸ್ ಮೇಡಂ ವಿಷಯ ಬೇರೆ. ಮಾತೃಭಾಷೆಯ ಷರತ್ತು ಭಾಷಾ ಶಿಕ್ಷಕರಿಗೆ. ಇಂಗ್ಲಿಷ್ ಮಾಧ್ಯಮದಲ್ಲಿ ಫಿಸಿಕ್ಸ್, ಗಣಿತ, ಕೆಮಿಸ್ಟ್ರಿ, ಕಂಪ್ಯೂಟರ್ ಸೈನ್ಸ್ ಕಲಿಸೋರಿಗೆ ಪದವಿ, ಆ ವಿಷಯದ ಅನುಭವ, ಸ್ವಚ್ಛ ಪೊಲೀಸ್ ದಾಖಲೆ ಮುಖ್ಯ. ಐಜಿಸಿಎಸ್‌ಇ, ಎ ಲೆವೆಲ್, ಐಬಿ ಥರದ ಅಂತರರಾಷ್ಟ್ರೀಯ ಪಠ್ಯಕ್ರಮ ಕಲಿಸೋ ದ್ವಿಭಾಷಾ ಶಾಲೆಗಳು ಇಂಥವರನ್ನ ಹುಡುಕುತ್ತವೆ. ಸಿಬಿಎಸ್‌ಇ ಅನುಭವ ಒಂದೇ ಇದ್ದರೆ ಪ್ರಾಕ್ಟಿಕಲ್ ಪೇಪರ್, ಮಾರ್ಕ್ ಸ್ಕೀಮ್ ಬಗ್ಗೆ ಇಂಟರ್‌ವ್ಯೂನಲ್ಲಿ ತಡವರಿಸ್ತಾರೆ. ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್, ಯಲಹಂಕ ಕಡೆಯ ಕೇಂಬ್ರಿಡ್ಜ್ ಅಥವಾ ಐಬಿ ಶಾಲೆಯಲ್ಲಿ ಎರಡು ವರ್ಷ ಕಲಿಸಿ ಹೋದರೆ ಆಫರ್‌ನ ಮಟ್ಟವೇ ಬದಲಾಗುತ್ತೆ. ಕೇಳಬೇಕಾದ ಮೊದಲ ಪ್ರಶ್ನೆ: ಪರ್ಮಿಟ್ ಅರ್ಜಿಯಲ್ಲಿ ಹುದ್ದೆಯ ಹೆಸರು ಏನು ಬರೆಯುತ್ತೀರಿ, ಅರ್ಜಿ ಹಾಕೋ ಸಂಸ್ಥೆ ಯಾವುದು? "ಫಿಸಿಕ್ಸ್ ಶಿಕ್ಷಕಿ" ಮತ್ತು ಶಾಲೆಯ ಹೆಸರೇ ಬರಬೇಕು.

ಪೈಸೆಪೈಸೆ:

ಅವರ ಲೆಕ್ಕ ಚಿಕ್ಕದಾಗಿ. 22,000 ಯುವಾನ್, ಶಾಲೆಯದೇ ಮನೆ, 12 ತಿಂಗಳ ಸಂಬಳ ಅಂತ ಇಟ್ಟುಕೊಳ್ಳಿ. ಇನ್ಶೂರೆನ್ಸ್ 27,720, ತೆರಿಗೆ 18,336 ಹೋಗಿ ವರ್ಷಕ್ಕೆ 2,17,944 ಕೈಗೆ. ತಿಂಗಳಿಗೆ 4,000 ಖರ್ಚಾದರೂ 14,000 ಯುವಾನ್ ಮೇಲೆ ಉಳಿಯುತ್ತೆ, ಅಂದರೆ ಸುಮಾರು 1,70,000 ರೂಪಾಯಿ. ಇದಕ್ಕಾದರೆ ಹೋಗಬಹುದು, ಧೈರ್ಯವಾಗಿ ಹೇಳ್ತೇನೆ.

ಶಾಲೆ ಮನೆ ಕೊಡದೆ ದುಡ್ಡು ಕೊಡೋದಾದರೆ ಅದನ್ನ ಸಂಬಳಕ್ಕೆ ಸೇರಿಸಬೇಡಿ ಅಂತ ಕೇಳಿ. ಬಾಡಿಗೆಯ ಫಾಪಿಯಾವ್, ಅಂದರೆ ಅಲ್ಲಿನ ಅಧಿಕೃತ ತೆರಿಗೆ ರಸೀದಿ, ಕೊಟ್ಟು ವಾಪಸ್ ಪಡೆಯೋ ಹಣಕ್ಕೆ ವಿದೇಶಿ ನೌಕರರಿಗೆ ತೆರಿಗೆ ಇಲ್ಲ. ಈ ವಿನಾಯಿತಿ 2027ರ ಕೊನೆಯ ತನಕ ಇದೆ. ಅದೇ 22,000ದಲ್ಲಿ 3,000ವನ್ನ ಹೀಗೆ ಬೇರೆ ಮಾಡಿಸಿದರೂ ವರ್ಷಕ್ಕೆ 6,828 ಯುವಾನ್, ಅಂದರೆ 80,000 ರೂಪಾಯಿಗೂ ಹೆಚ್ಚು ತೆರಿಗೆ ಉಳಿಯುತ್ತೆ. ಮನೆ ಹಿಡಿಯೋವಾಗಲೇ ಓನರ್ ಫಾಪಿಯಾವ್ ಕೊಡ್ತಾರಾ ಅಂತ ಕೇಳಬೇಕು. ಎಷ್ಟೋ ಓನರ್‌ಗಳು ಕೊಡಲ್ಲ, ಕೊಟ್ಟರೆ ಬಾಡಿಗೆ ಏರಿಸ್ತಾರೆ.

ಪಿಂಚಣಿಗೆ ಕಟ್ಟಿದ 8% ನಿಮ್ಮ ಸ್ವಂತ ಖಾತೆಗೆ ಹೋಗುತ್ತೆ. ಪೂರ್ತಿಯಾಗಿ ದೇಶ ಬಿಡುವಾಗ ಅರ್ಜಿ ಹಾಕಿದರೆ ಅದು ವಾಪಸ್ ಸಿಗುತ್ತೆ. ಚೀನಾದ ಬ್ಯಾಂಕ್ ಖಾತೆ ಮುಚ್ಚೋ ಮೊದಲೇ ಈ ಕೆಲಸ ಮುಗಿಸಬೇಕು.

ಸೀಲುಸಹಿ:

ದಾಖಲೆಗಳ ಬಗ್ಗೆ ಹೇಳ್ತೇನೆ, ಹೆಚ್ಚಿನವರು ಮುಗ್ಗರಿಸೋದು ಇಲ್ಲೇ.

ಚೀನಾ 2023ರ ನವೆಂಬರ್ 7ರಿಂದ ಅಪೊಸ್ಟಿಲ್ ಒಪ್ಪಂದದಲ್ಲಿದೆ (ಒಂದು ದೇಶದ ದಾಖಲೆಯನ್ನ ಒಂದೇ ಮುದ್ರೆಯಲ್ಲಿ ಇನ್ನೊಂದು ದೇಶ ಒಪ್ಪೋ ವ್ಯವಸ್ಥೆ), ನಿಜ. ಆದರೆ ಭಾರತ ಮತ್ತು ಚೀನಾ ನಡುವೆ ಆ ಒಪ್ಪಂದ ಜಾರಿಯಲ್ಲಿ ಇಲ್ಲ. ಅಪೊಸ್ಟಿಲ್ ಸ್ಟಿಕ್ಕರ್ ಹಾಕಿಸಿಕೊಂಡು ಹೋದರೆ ದುಡ್ಡೂ ದಂಡ, ಒಂದು ತಿಂಗಳೂ ದಂಡ. ಹಳೇ ಸರಪಳಿಯೇ ಬೇಕು: ರಾಜ್ಯದ ಶಿಕ್ಷಣ ಇಲಾಖೆಯ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ್ದು, ನಂತರ ಚೀನಾದ ರಾಯಭಾರ ಕಚೇರಿಯದ್ದು. ಅಂಗಡಿಯವರಿಗೆ "ಚೀನಾಕ್ಕೆ, ಅಟೆಸ್ಟೇಶನ್, ಅಪೊಸ್ಟಿಲ್ ಅಲ್ಲ" ಅಂತ ಬಾಯಿಬಿಟ್ಟು ಹೇಳಿ, ರಸೀದಿಯಲ್ಲೂ ಬರೆಸಿ. ಬೆಂಗಳೂರಲ್ಲಿ ಚೀನಾದ ದೂತಾವಾಸ ಇಲ್ಲ. ಕರ್ನಾಟಕ ಬರೋದು ಮುಂಬೈ ಕಾನ್ಸುಲೇಟ್ ವ್ಯಾಪ್ತಿಗೆ. ಎಲ್ಲ ಸೇರಿ ಎರಡು ತಿಂಗಳು ಇಟ್ಟುಕೊಳ್ಳಿ.

ಬೇಕಾಗಿರೋದು ಘಟಿಕೋತ್ಸವದ ಪದವಿ ಪ್ರಮಾಣಪತ್ರ. ಪ್ರೊವಿಷನಲ್ ನಡೆಯಲ್ಲ. ಮುಗಿಸಿ ಎಷ್ಟೋ ವರ್ಷ ಆದರೂ ಕಾನ್ವೊಕೇಶನ್ ಸರ್ಟಿಫಿಕೇಟ್ ತಗೊಳ್ಳದೇ ಇರೋರು ನಮ್ಮಲ್ಲಿ ತುಂಬ ಜನ. ಅದಕ್ಕೆ ಅರ್ಜಿ ಇವತ್ತೇ ಹಾಕಿ.

ಇನ್ನು ನಮ್ಮ ಕಡೆಯವರಿಗೇ ಇರೋ ಸಮಸ್ಯೆ, ಇನಿಶಿಯಲ್. ಎಸ್‌ಎಸ್‌ಎಲ್‌ಸಿಯಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಪದವಿಯಲ್ಲಿ ಅದೇ ಅಕ್ಷರ ಹಿಂದೆ, ಪಾಸ್‌ಪೋರ್ಟ್‌ನಲ್ಲಿ ಅದನ್ನ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು. ಚೀನಾದ ವ್ಯವಸ್ಥೆ ಪಾಸ್‌ಪೋರ್ಟ್‌ನ ಹೆಸರನ್ನ ಅಕ್ಷರಕ್ಕೆ ಅಕ್ಷರ ನೋಡುತ್ತೆ. ಪದವಿ ಪತ್ರದ ಹೆಸರು ಬೇರೆ ಕಂಡರೆ ಇದು ಇನ್ನೊಬ್ಬರ ಪದವಿ ಅನ್ನೋ ಸಂಶಯ. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಬಹುದು, ಆದರೆ ಅದನ್ನ ಒಪ್ಪೋದು ಬಿಡೋದು ಅಲ್ಲಿನ ಅಧಿಕಾರಿಗೆ ಬಿಟ್ಟದ್ದು, ಅದನ್ನೂ ಸರಪಳಿಯಲ್ಲಿ ದೃಢೀಕರಿಸಬೇಕು. ಕಾಲಾವಕಾಶ ಇದ್ದರೆ ಪಾಸ್‌ಪೋರ್ಟ್ ರೀ-ಇಶ್ಯೂ ಮಾಡಿಸುವಾಗಲೇ ಹೆಸರನ್ನ ಪದವಿಗೆ ಹೊಂದಿಸಿಕೊಳ್ಳೋಕೆ ಆಗುತ್ತಾ ಅಂತ ವಿಚಾರಿಸಿ ನೋಡಿ.

ಪೊಲೀಸ್ ಕ್ಲಿಯರೆನ್ಸ್ ಕೊನೆಗೆ ಮಾಡಿಸಿ. ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ ಅರ್ಜಿ, ಶುಲ್ಕ 500 ರೂಪಾಯಿ, ಲಾಲ್‌ಬಾಗ್ ಅಥವಾ ಮಾರತಹಳ್ಳಿ ಕೇಂದ್ರ. ಆರು ತಿಂಗಳಿಗಿಂತ ಹಳೆಯದಾದರೆ ಅಲ್ಲಿ ಒಪ್ಪಲ್ಲ. ಮೊದಲೇ ಮಾಡಿಸಿಟ್ಟು, ಪದವಿಯ ದೃಢೀಕರಣ ತಡವಾಗಿ, ಎರಡನೇ ಸಲ ಮಾಡಿಸೋರು ಬೇಕಾದಷ್ಟು ಜನ. ಪಾಸ್‌ಪೋರ್ಟ್ ವಿಳಾಸದಲ್ಲಿ ಈಗ ವಾಸ ಇಲ್ಲದಿದ್ದರೆ ಠಾಣೆಯ ಪರಿಶೀಲನೆಯಲ್ಲಿ ಸಿಕ್ಕಿಕೊಳ್ಳುತ್ತೆ, ಅದನ್ನೂ ಮೊದಲೇ ಸರಿಮಾಡಿಕೊಳ್ಳಿ.

ಚುಕ್ತಾ:

ಫಿಸಿಕ್ಸ್ ಮೇಡಂಗೆ ಕಾಂಟ್ರಾಕ್ಟ್ ಬಂದರೆ ನೋಡಬೇಕಾದ ಸಾಲುಗಳು. ಎರಡು ಭಾಷೆಯಲ್ಲಿ ಇದ್ದರೆ ಸಾಮಾನ್ಯವಾಗಿ ಚೀನೀ ಪ್ರತಿಯೇ ಅಂತಿಮ ಅಂತ ಒಂದು ಸಾಲು ಇರುತ್ತೆ. ಅದಕ್ಕೆ ಇಂಗ್ಲಿಷ್ ಪ್ರತಿ ಓದಿ ಸಹಿ ಹಾಕಬೇಡಿ, ಚೀನೀ ಪ್ರತಿಯನ್ನ ಬೇರೆಯವರಿಂದ ಅನುವಾದ ಮಾಡಿಸಿ. ಸಂಬಳ ತೆರಿಗೆಗೆ ಮುಂಚಿನದೋ ನಂತರದ್ದೋ ಅಲ್ಲಿ ಸ್ಪಷ್ಟ ಇರಬೇಕು. "25 ಪೀರಿಯಡ್" ಅಂದಾಗ ಆಫೀಸ್ ಅವಧಿ ಬೇರೆ ಇದೆಯಾ ಅಂತ ಕೇಳಿ. 40 ನಿಮಿಷದ 25 ಪೀರಿಯಡ್ ಅಂದರೆ 17 ಗಂಟೆಗೂ ಸ್ವಲ್ಪ ಕಡಿಮೆ ಪಾಠ, ಆದರೆ ಬೆಳಿಗ್ಗೆ 8ರಿಂದ ಸಂಜೆ 5 ಅಲ್ಲೇ ಕೂರಬೇಕು ಅಂದರೆ ಅದು 40 ಗಂಟೆಯ ಕೆಲಸ. ಒಂದರಿಂದ ಮೂರು ವರ್ಷದೊಳಗಿನ ಕಾಂಟ್ರಾಕ್ಟ್‌ಗೆ ಪ್ರೊಬೇಷನ್ ಎರಡು ತಿಂಗಳು ಮೀರೋ ಹಾಗಿಲ್ಲ ಅನ್ನೋದು ಅಲ್ಲಿನ ಕಾರ್ಮಿಕ ಕಾನೂನು. ಆರು ತಿಂಗಳು ಬರೆದಿದ್ದರೆ ಆ ಶಾಲೆಯ ಉಳಿದ ಷರತ್ತುಗಳನ್ನೂ ಅನುಮಾನದಿಂದ ಓದಿ.

ಕೆಲಸ ಬಿಡುವಾಗ ರಿಲೀಸ್ ಲೆಟರ್ ಮತ್ತು ಪರ್ಮಿಟ್ ರದ್ದತಿ ಪತ್ರ ಎರಡೂ ಕೊಡಬೇಕು ಅಂತ ಬರೆಸಿಕೊಳ್ಳಿ. ಅವೆರಡು ಇಲ್ಲದಿದ್ದರೆ ಎರಡನೇ ಶಾಲೆ ನಿಮ್ಮ ಪರ್ಮಿಟ್ ವರ್ಗಾಯಿಸಿಕೊಳ್ಳೋದಕ್ಕೆ ಆಗಲ್ಲ. ಮುರಿದರೆ ಮೂರು ತಿಂಗಳ ಸಂಬಳ ದಂಡ ಅಂತ ಇದ್ದರೆ, ಶಾಲೆ ಮುರಿದರೂ ಅದೇ ಮೊತ್ತ ನಿಮಗೆ ಅಂತ ಕೇಳಿ. ವಿಮಾನದ ದುಡ್ಡು ವರ್ಷ ಮುಗಿದ ಮೇಲೆ ಕೊಡೋದು ರೂಢಿ, ಅದನ್ನ ಮೊದಲ ವರ್ಷದ ಬಜೆಟ್‌ಗೆ ಸೇರಿಸಬೇಡಿ. ಬೆಂಗಳೂರಿಂದ ಸಿಂಗಪುರ, ಕೌಲಾಲಂಪುರ, ಬ್ಯಾಂಕಾಕ್, ಹಾಂಗ್‌ಕಾಂಗ್ ಮೂಲಕ ಹೋಗೋರೇ ಜಾಸ್ತಿ. 2020ರಲ್ಲಿ ನಿಂತಿದ್ದ ನೇರ ವಿಮಾನ 2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತ-ಗುವಾಂಗ್‌ಝೌ ಮಾರ್ಗದಿಂದ ಮತ್ತೆ ಶುರುವಾಯಿತು.

ಊಟದ ಬಗ್ಗೆ ಒಂದು ಮಾತು. ಸಸ್ಯಾಹಾರಿಗಳಾದರೆ ಶಾಲೆಯ ಉಚಿತ ಕ್ಯಾಂಟೀನ್ ಊಟವನ್ನ ಲೆಕ್ಕಕ್ಕೆ ತಗೋಬೇಡಿ. ಸೊಪ್ಪಿನ ಪಲ್ಯಕ್ಕೂ ಹಂದಿ ಕೊಬ್ಬು, ಆಯ್ಸ್ಟರ್ ಸಾಸ್ ಬೀಳುತ್ತೆ. ಒಂದು ಇಂಡಕ್ಷನ್ ಒಲೆ, ಇಲ್ಲಿಂದ ಚಿಕ್ಕ ಕುಕ್ಕರ್, ಸಾರಿನ ಪುಡಿ. ಅಕ್ಕಿ, ತರಕಾರಿ, ತೋಫು ಅಲ್ಲೇ ಅಗ್ಗ. ತೊಗರಿಬೇಳೆ ಮಾತ್ರ ಆನ್‌ಲೈನ್‌ನಲ್ಲಿ ತರಿಸಬೇಕು.

ಪೈಸೆಪೈಸೆ:

ನಮ್ಮ ಕಡೆಯ ತೆರಿಗೆ, ಬ್ಯಾಂಕು ಉಳೀತು. ಕೆಲಸಕ್ಕಾಗಿ ದೇಶ ಬಿಡೋ ಭಾರತೀಯರು ಆ ಹಣಕಾಸು ವರ್ಷದಲ್ಲಿ ಇಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಅನಿವಾಸಿ, ಚೀನಾದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಏಪ್ರಿಲ್ 1ರಿಂದ ಎಣಿಸಿದರೆ ಆಗಸ್ಟ್ ಕೊನೆಗೆ 153 ದಿನ, ಸೆಪ್ಟೆಂಬರ್ ಕೊನೆಗೆ 183. ಅಲ್ಲಿನ ಶಾಲೆ ಸೆಪ್ಟೆಂಬರ್ 1ಕ್ಕೆ ಶುರುವಾಗೋದರಿಂದ ಆಗಸ್ಟ್‌ನಲ್ಲಿ ಹೊರಟವರಿಗೆ ತೊಂದರೆ ಇಲ್ಲ. ವೀಸಾ ತಡವಾಗಿ ಅಕ್ಟೋಬರ್‌ಗೆ ಹೋದರೆ ಆ ವರ್ಷ ನೀವು ನಿವಾಸಿ, ಚೀನಾದ ಸಂಬಳವನ್ನೂ ಇಲ್ಲಿ ತೋರಿಸಿ ಅಲ್ಲಿ ಕಟ್ಟಿದ ತೆರಿಗೆಗೆ ಕ್ರೆಡಿಟ್ ಕೇಳಬೇಕು. ಆಗಸ್ಟ್‌ನಲ್ಲಿ ಹೊರಟವರಿಗೂ ಚಾಂದ್ರಮಾನ ಹೊಸವರ್ಷದ ರಜೆ ಇಲ್ಲಿ ಕಳೆದ ದಿನಗಳು ಆ 182ರ ಲೆಕ್ಕಕ್ಕೆ ಸೇರುತ್ತವೆ ಅನ್ನೋದು ನೆನಪಿರಲಿ.

ಈಗಿರೋ ಸೇವಿಂಗ್ಸ್ ಖಾತೆಯನ್ನ ಎನ್‌ಆರ್‌ಒ (ಅನಿವಾಸಿಗಳ ಭಾರತದ ಆದಾಯದ ಖಾತೆ) ಮಾಡಿಸಿ, ಅಲ್ಲಿಂದ ಕಳಿಸೋ ದುಡ್ಡಿಗೆ ಎನ್‌ಆರ್‌ಇ (ಅನಿವಾಸಿಗಳ ವಿದೇಶಿ ಆದಾಯದ ಖಾತೆ) ತೆರೆಯಿರಿ. ಯುವಾನ್ ಮುಕ್ತವಾಗಿ ಹೊರಗೆ ಹೋಗಲ್ಲ. ಬ್ಯಾಂಕ್ ಶಾಖೆಗೆ ಪಾಸ್‌ಪೋರ್ಟ್, ಕಾಂಟ್ರಾಕ್ಟ್, ಸಂಬಳ ಚೀಟಿ, ತೆರಿಗೆ ಕಟ್ಟಿದ ದಾಖಲೆ ಒಯ್ದರೆ ತೆರಿಗೆ ಕಳೆದ ಸಂಬಳದಷ್ಟನ್ನ ಡಾಲರ್ ಮಾಡಿ ಕಳಿಸ್ತಾರೆ. ದಾಖಲೆ ಇಲ್ಲದಿದ್ದರೆ ದಿನಕ್ಕೆ 500 ಡಾಲರ್ ಮಾತ್ರ. ಶಾಲೆ ಅರ್ಧ ಸಂಬಳ ಖಾತೆಗೆ, ಅರ್ಧ ನಗದಾಗಿ ಕೊಡ್ತೀವಿ ಅಂದರೆ ಒಪ್ಪಬಾರದು ಅನ್ನೋದು ಇದಕ್ಕೇ. ಆ ನಗದಿಗೆ ತೆರಿಗೆ ದಾಖಲೆ ಇರಲ್ಲ, ಊರಿಗೆ ಬರೋ ದಾರಿಯೂ ಇರಲ್ಲ. ವೀಚ್ಯಾಟ್ ಗುಂಪಿನಲ್ಲಿ "ನೀವು ಯುವಾನ್ ಕೊಡಿ, ನಿಮ್ಮ ಮನೆಯವರಿಗೆ ರೂಪಾಯಿ ಹಾಕ್ತೀವಿ" ಅನ್ನೋರು ಸಿಗ್ತಾರೆ. ಅದು ಹವಾಲಾ. ಚೀನಾದ ಖಾತೆ ಫ್ರೀಜ್ ಆದರೆ ಒಳಗಿನ ಉಳಿತಾಯವೆಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತೆ.

ಒಟಿಪಿಗಾಗಿ ಇಲ್ಲಿನ ಸಿಮ್ ರೋಮಿಂಗ್‌ನಲ್ಲಿ ಜೀವಂತ ಇರಲಿ. ವಾಟ್ಸಾಪ್, ಗೂಗಲ್ ಅಲ್ಲಿನ ನೆಟ್‌ನಲ್ಲಿ ತೆರೆಯಲ್ಲ, ರೋಮಿಂಗ್ ಡೇಟಾದಲ್ಲಿ ತೆರೆಯುತ್ತೆ. ಮನೆಯವರ ಫೋನ್‌ನಲ್ಲಿ ಹೊರಡೋ ಮುಂಚೆಯೇ ಇನ್ನೊಂದು ವಿಡಿಯೋ ಕರೆಯ ದಾರಿ ಪರೀಕ್ಷಿಸಿ ಇಡಿ.

ಸೀಲುಸಹಿ:

ಶಾಯಿಪೆನ್ನು ಮೇಡಂಗೆ ಎರಡು ಮಾತು. ಆ ಏಜೆಂಟರ ನೋಂದಣಿ ಸಂಖ್ಯೆಯನ್ನ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹುಡುಕಿ ನೋಡಿ. ವಿದೇಶಕ್ಕೆ ಕೆಲಸಕ್ಕೆ ಕಳಿಸೋ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಬೇಕು, ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಜಿಎಸ್‌ಟಿ ಮೀರಿ ತಗೊಳ್ಳೋ ಹಾಗಿಲ್ಲ. 18% ಸೇರಿಸಿದರೂ 35,400. ನಿಮ್ಮನ್ನ ಕೇಳಿರೋದು ಅದರ ಮೂರು ಪಟ್ಟಿಗೂ ಹೆಚ್ಚು. ಮೂಲ ಪಾಸ್‌ಪೋರ್ಟ್ ಅಥವಾ ಮೂಲ ಅಂಕಪಟ್ಟಿ ಅವರ ಹತ್ತಿರ ಇದ್ದರೆ ಮೊದಲು ಅದನ್ನ ವಾಪಸ್ ತಗೊಳ್ಳಿ, ಆಮೇಲೆ ಬೇಡ ಅನ್ನಿ.

ಇನ್ನೊಂದು, ಜೂನ್‌ಗೆ 4 ವರ್ಷ ಅಂದಿದ್ದೀರಿ. ಗ್ರಾಚ್ಯುಯಿಟಿಗೆ 5 ವರ್ಷ ಬೇಕು, ಖಾಸಗಿ ಶಾಲೆಯ ಶಿಕ್ಷಕರಿಗೂ ಅದು ಅನ್ವಯಿಸುತ್ತೆ. 22,000 ಬೇಸಿಕ್‌ಗೆ 15ರಿಂದ ಗುಣಿಸಿ 26ರಿಂದ ಭಾಗಿಸಿ 5 ವರ್ಷಕ್ಕೆ ಲೆಕ್ಕ ಹಾಕಿದರೆ 63,000 ರೂಪಾಯಿ ಚಿಲ್ಲರೆ. ಎಲ್ಲಿಗೇ ಹೋಗೋದಿದ್ದರೂ ಆ ಒಂದು ವರ್ಷ ಮುಗಿಸಿ ಹೊರಡಿ.

ಶಾಯಿಪೆನ್ನು:

ಇ-ಮೈಗ್ರೇಟ್‌ನಲ್ಲಿ ಹುಡುಕಿದೆ ಸರ್, ಅವರ ಹೆಸರು ಸಿಗಲಿಲ್ಲ. ಮೂಲ ದಾಖಲೆ ಯಾವುದೂ ಕೊಟ್ಟಿಲ್ಲ, ಜೆರಾಕ್ಸ್ ಮಾತ್ರ. ಫಿಸಿಕ್ಸ್ ಮೇಡಂಗೆ ಈ ಪುಟ ಕಳಿಸಿದ್ದೇನೆ. ಅವರ ಪದವಿಯಲ್ಲಿ ಇನಿಶಿಯಲ್ ಹಿಂದೆ ಇದೆ, ಪಾಸ್‌ಪೋರ್ಟ್‌ನಲ್ಲಿ ಬಿಡಿಸಿ ಬರೆದಿದೆ. ರೀ-ಇಶ್ಯೂಗೆ ಯಾವ ಕಾಗದ ಕೊಡಬೇಕು?

ಸೀಲುಸಹಿ:

ಆಧಾರ್‌ನಲ್ಲಿ ಹೆಸರು ಪದವಿಯಲ್ಲಿ ಇರೋ ಹಾಗೇ ಇದೆಯಾ ಅಂತ ಮೊದಲು ನೋಡಲಿ, ಇಲ್ಲದಿದ್ದರೆ ಅದನ್ನ ತಿದ್ದಿಸೋದೇ ಮೊದಲ ಕೆಲಸ. ಆಮೇಲೆ ಪೋರ್ಟಲ್‌ನಲ್ಲಿ ರೀ-ಇಶ್ಯೂ ಆರಿಸಿ, ಕಾರಣಕ್ಕೆ ವೈಯಕ್ತಿಕ ವಿವರ ಬದಲಾವಣೆ ಅಂತ ಹಾಕಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪದವಿ ಪತ್ರ, ಆಧಾರ್, ಹಳೇ ಪಾಸ್‌ಪೋರ್ಟ್ ನಾಲ್ಕರ ಮೂಲವೂ ಅಪಾಯಿಂಟ್‌ಮೆಂಟ್ ದಿನ ಕೈಯಲ್ಲಿರಲಿ. ಪೋರ್ಟಲ್‌ನ ಡಾಕ್ಯುಮೆಂಟ್ ಅಡ್ವೈಸರ್‌ನಲ್ಲಿ ಅವರ ಸಂದರ್ಭ ಆರಿಸಿದರೆ ಇನ್ನೇನಾದರೂ ಬೇಕಾ ಅಂತ ತೋರಿಸುತ್ತೆ. ಪೊಲೀಸ್ ಕ್ಲಿಯರೆನ್ಸ್ ಮಾತ್ರ ಹೊಸ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ. ಹಳೇ ಸಂಖ್ಯೆಯ ಮೇಲೆ ಮಾಡಿಸಿದ್ದು ಕೆಲಸಕ್ಕೆ ಬರಲ್ಲ.